ದೊಡ್ಡವ್ವನ ಸೊಟ್ಟ ಉಂಗುರ

ಆಗೆಲ್ಲ ಪಾಂಡವಪುರದ ಸುತ್ತ ಕಬ್ಬು ಕಡಿಯುವ ಕಾಲ ಬಂತೆಂದರೆ ನಮ್ಮೂರಿನ ಗಾಳಿಯೇ ಸಿಹಿಯಾಗುತ್ತಿತ್ತು. ಬೆಳಗಾದರೆ ನಾನೂ ತಂಗಿ ಜಯಿಯೂ ಆಲೆಮನೆಯಲ್ಲಿ. ಬಾಳೆಲೆ ಚೂರಿಗೆ ಬಿಸಿ ಪಾಕ ಹಾಕಿಸಿಕೊಂಡು ನೆಕ್ಕುತ್ತಿದ್ದೆವು.

ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ದೊಡ್ಡವ್ವ. ಅವಳ ಬೆರಳಲ್ಲೊಂದು ಸೊಟ್ಟ ಉಂಗುರವಿತ್ತು. ದೊಡ್ಡಪ್ಪ ಮೈಸೂರಿನಲ್ಲಿ ಒಬ್ಬ ಬಿಳಿ ಇಂಜಿನಿಯರನ ಕಾರು ಓಡಿಸುತ್ತಿದ್ದನಂತೆ. ದೊಡ್ಡ ಯುದ್ಧ ಮುಗಿದು ಕೆಲವು ವರ್ಷಕ್ಕೆ ಆ ದೊರೆ ತನ್ನ ದೇಶಕ್ಕೆ ಹೊರಟಾಗ ಅವನ ಹೆಂಡತಿ ಕೊಟ್ಟದ್ದು. ಅವರ ಕಡೆ ಆಗಷ್ಟೇ ಬಂದಿದ್ದ ಹೊಸ ಮಾದರಿ. ಹೂವಿಲ್ಲ, ಬಳ್ಳಿಯಿಲ್ಲ, ಚಿನ್ನದ ಪಟ್ಟಿಯನ್ನು ಕಬ್ಬಿನ ಸೋಗೆಯಂತೆ ತಿರುಚಿ, ಒಂದು ಮೂಲೆಗೆ ವಜ್ರದ ಹರಳು ಕೂರಿಸಿದ್ದರು.

ಅಕ್ಕಸಾಲಿ ನಕ್ಕಿದ್ದ: "ಇದ್ಯಾವ ಸೀಮೆ ಉಂಗ್ರ ಕಣವ್ವ, ಬೇಲಿ ತಂತಿ ಇದ್ದಂಗದೆ. ಕರಗಿಸ್ಬುಟ್ಟು ಏಳು ಕಲ್ಲಿಂದು ಮಾಡ್ಕೊಡ್ಲಾ?"

"ನಿನ್ ಬಾಯಿ ಕರಗಿಸ್ಕೋ ಓಗ್ಲಾ" ಎಂದಿದ್ದಳು ದೊಡ್ಡವ್ವ. ದೊಡ್ಡಪ್ಪ ಸತ್ತ ಮೇಲೂ, ಮುದ್ದೆ ತಿರುವುವಾಗ ಬಿಟ್ಟರೆ ಅದನ್ನು ಬಿಚ್ಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಮುದ್ದೆ ತಿರುವುತ್ತಿದ್ದಾಗ ಗೋಡೆಯ ಗೂಡಿನಲ್ಲಿದ್ದ ಉಂಗುರ ಎತ್ತಿಕೊಂಡು ಆಲೆಮನೆಗೆ ಓಡಿದೆ. ಅಚ್ಚಿನಲ್ಲಿ ಅರೆಗಟ್ಟಿಯಾದ ಬೆಲ್ಲದ ಮೇಲೆ ಅದರ ಗುರುತು ಒತ್ತುವ ಆಸೆ. ನನ್ನ ಹಿಂದೆಯೇ ಬಂದಿದ್ದ ಜಯಿ ಬಾಳೆಲೆ ತರಲು ಹೋಗಿದ್ದಾಗ ಒತ್ತಿದೆ. ಬೆಲ್ಲ ಇನ್ನೂ ಮೆತ್ತಗಿತ್ತು, ಉಂಗುರ ಒಳಗಿಳಿದುಬಿಟ್ಟಿತು. ಬೆರಳು ಹಾಕಿದೆ, ಸುಟ್ಟಿತು. ಆಳು ಗದರಿಸಿದ, ಓಡಿಬಿಟ್ಟೆ. ಮತ್ತೆ ಬಂದು ನೋಡಿದರೆ ಅಚ್ಚು ಬೋರಲು ಹಾಕಿ ಮೂಟೆ ಕಟ್ಟಿದ್ದರು.

ಮನೆಗೆ ಬಂದಾಗ ದೊಡ್ಡವ್ವ ಹುಡುಕಿ ಹುಡುಕಿ ಸೋತಿದ್ದಳು. "ಯಾರೇ ತಗಂಡೋಳು?"

"ಜಯಿನೇ ಯಾವಾಗ್ಲೂ ಅದ್ನ ಆಕ್ಕಂಡು ನೋಡ್ತಿದ್ಲು" ಎಂದೆ ನಾನು.

ಜಯಿಗೆ ಆಗ ಎಂಟು ವರ್ಷ. "ಅಕ್ಕ, ನಾನ್ ನಿನ್ ಜೊತೇಲೇ ಇದ್ನಲ್ಲ, ಯೋಳೇ!"

"ನಂಗೇನ್ ಗೊತ್ತು? ನಡುವೆ ಎಲ್ಗೋ ಓಗಿದ್ಲು."

ದೊಡ್ಡವ್ವ ಸೌಟು ಕಾಯಿಸಿ ಅವಳ ಬಲ ಅಂಗೈಗೆ ಒತ್ತಿದಳು. ಒಂದು ಸಲವಲ್ಲ. ನನ್ನ ಬೆರಳಿಗೆ ಮೆತ್ತಿದ್ದ ಬೆಲ್ಲದ ವಾಸನೆಯೂ ಸುಟ್ಟ ಚರ್ಮದ ವಾಸನೆಯೂ ಒಟ್ಟಿಗೇ ಬಂದವು. ಬೆಲ್ಲದ ಗಾಡಿ ಹೊರಟದ್ದು ಸಂಜೆಗೆ. ಅಲ್ಲಿಯವರೆಗೂ ನಾನು ಬಾಯಿ ಬಿಡಲಿಲ್ಲ.

ಗಾಯ ಮಾಯುವಾಗ ಬೆರಳುಗಳು ಮುದುರಿ ನಿಂತವು. ಜಯಿ ಎಡಗೈಯಲ್ಲಿ ಉಣ್ಣಲು ಕಲಿತಳು. ಮದುವೆ ಪಂಕ್ತಿಯಲ್ಲಿ ಜನ ನಕ್ಕಾಗ ನಾನೂ ನಕ್ಕಿದ್ದೇನೆ.

ಹೋದ ತಿಂಗಳು ಅವಳ ಮೊಮ್ಮಗಳು ಮೊಬೈಲಿನಲ್ಲಿ ಹಳೇ ಉಂಗುರಗಳ ಚಿತ್ರ ತೋರಿಸಿದಳು. ಅದೇ ತಿರುಚು, ಮೂಲೆಯಲ್ಲಿ ಹರಳು. ಈಗ ಇಂಥವನ್ನೇ ಜನ ಹುಡುಕಿಕೊಂಡು ಹೋಗುತ್ತಾರಂತೆ. ನನಗೆ ತಡೆಯಲಾಗಲಿಲ್ಲ. ಜಯಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ.

"ನಂಗೆ ಬರೆ ಆಕ್ವಾಗ ಮೂಟೆ ಇನ್ನೂ ಅಲ್ಲೇ ಇದ್ವಾ?"

"ಇದ್ವು."

"ಅಂಗಾರೆ ಇನ್ ನಮ್ಮನೆಗೆ ಬರ್ಬ್ಯಾಡ ಕಣಕ್ಕ."

ಆ ಆಲೆಮನೆ ಇದ್ದ ಜಾಗದಲ್ಲಿ ಈಗ ಪೆಟ್ರೋಲ್ ಬಂಕ್ ಇದೆ. ದೊಡ್ಡವ್ವ ಬೋಳು ಬೆರಳಿನಲ್ಲೇ ಸತ್ತಳು. ಉಂಗುರ ಯಾರ ಮನೆಯ ಪಾಯಸದಲ್ಲಿ ಸಿಕ್ಕಿತೋ. ತಂಗಿ ಎಡಗೈಯಲ್ಲಿ ಹಿಡಿದು ಕೊಡುತ್ತಿದ್ದ ಒಂದು ಲೋಟ ಕಾಫಿ ಉಳಿದಿತ್ತು. ಈಗ ಅದೂ ಇಲ್ಲ.