ಅಮೆರಿಕನ್ ಅಜ್ಜಿಗೆ ಮೂಗು ಕೊಟ್ಟದ್ದು

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಎಂಜಿನಿಯರುಗಳನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳು ಅವು. ನಮ್ಮವರಿಗೆ ಮ್ಯೂನಿಕ್‌ನಲ್ಲಿ ಕೆಲಸ, ಮನೆ ಊರಾಚೆಯ ಗಾರ್ಕಿಂಗ್‌ನಲ್ಲಿ. ಹೆಂಡತಿಯಾಗಿ ಬಂದ ನನಗೆ ಕೆಲಸ ಮಾಡಲು ಇನ್ನೂ ಅನುಮತಿ ಇರಲಿಲ್ಲ. ಮೈಸೂರಿನಲ್ಲಿದ್ದಾಗ ನಾನು ನಾಲ್ಕು ವರ್ಷ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಸೆಂಟು ಬೆರೆಸುತ್ತಿದ್ದವಳು. ಇಲ್ಲಿಗೆ ಬಂದು ಬಸುರಿಯಾದೆ. ಆರು ತಿಂಗಳು ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಬಟ್ಟೆ ಒಗೆದು ಹಾಕಿದೆ. ಅಳು ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ. ಊರಿನಿಂದ ಫೋನು ಮಾಡಿ ಅಮ್ಮನೇ ಅತ್ತಳು. "ನೀನು ಸಮಾಧಾನ ಮಾಡ್ಕೋಮ್ಮ" ಎಂದು ನಾನೇ ಅವಳಿಗೆ ಹೇಳಿ ಫೋನಿಟ್ಟು ಸಾರಿಗೆ ಒಗ್ಗರಣೆ ಹಾಕಿದೆ. ನಮ್ಮವರು ಬೆಳಿಗ್ಗೆ ಊ-ಬಾನ್ ರೈಲು ಹಿಡಿದು ಹೋದರೆ ಬರುವುದು ಸಂಜೆಗೆ. ಮಗುವಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆಲ್ಲ ಹಾಲು ಸೀದ ವಾಸನೆ. ಮೇಲಿನ ಮನೆಯ ಬಾಗಿಲು ತಟ್ಟಿದೆ. ಅಲ್ಲಿದ್ದದ್ದು ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಅಜ್ಜಿ. ಗಂಡ ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದವರು, ತೀರಿಕೊಂಡಿದ್ದರು. ಪಾತ್ರೆ ಕಪ್ಪಗಾಗಿ ಹೊಗೆ ಬರುತ್ತಿತ್ತು. ಅದರಿಂದ ನಾಲ್ಕು ಮಾರು ದೂರದಲ್ಲಿ ಆಕೆ ಪೇಪರ್ ಓದುತ್ತ ಕೂತಿದ್ದರಂತೆ.

ನಾನು ಒಲೆ ಆರಿಸಿ ಕಿಟಕಿ ತೆಗೆದೆ. "ಎರಡು ವರ್ಷದ ಹಿಂದೆ ಒಂದು ಜ್ವರ ಬಂತು," ಎಂದರು ಇಂಗ್ಲಿಷಿನಲ್ಲಿ. "ಜ್ವರ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ನಿನಗೆ ಕೆಳಗಿನ ಮನೆಗೇ ಗೊತ್ತಾಯಿತಾ?"

"ಹೂಂ. ನನ್ನ ಕೆಲಸವೇ ಅದಾಗಿತ್ತು" ಎಂದು ಊದುಬತ್ತಿಯ ವಿಷಯ ಹೇಳಿದೆ.

ಅವರು ಬೀರುವಿನಿಂದ ಮೂರು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಮಿಸ್ಸೌರಿಯಲ್ಲಿರುವ ತಂಗಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ ವೈನು. "ಕ್ಯಾಲಿಫೋರ್ನಿಯಾದ್ದು ಎಲ್ಲರಿಗೂ ಗೊತ್ತು. ಇವು ನಮ್ಮ ಕಡೆಯವು, ಹೊರಗೆ ಯಾರೂ ಕೇಳಿರುವುದಿಲ್ಲ. ನನಗೀಗ ಇವೆಲ್ಲ ಹುಳಿ ನೀರು. ನೀನು ಮೂಸಿ ಹೇಳ್ತೀಯಾ?"

"ನಾವು ಕುಡಿಯೋದಿಲ್ಲ."

"ನುಂಗಬೇಡ. ಉಗಿಯೋಕೆ ಲೋಟ ಕೊಡ್ತೀನಿ."

ಸಂಜೆ ನಮ್ಮವರಿಗೆ ಹೇಳಿದೆ. "ವೈನಾ? ನಮ್ಮಮ್ಮನಿಗೆ ಗೊತ್ತಾದ್ರೆ ಕಥೆ ಅಷ್ಟೆ" ಎಂದರು. ಆಮೇಲೆ, "ಹೋಗಿ ಬಾರೇ. ಮನೆಯಿಂದ ಆಚೆ ಹೋದ್ರೆ ಸಾಕು" ಎಂದರು.

ಹಾಗೆ ಬುಧವಾರದ ಮಧ್ಯಾಹ್ನಗಳು ಶುರುವಾದವು. ಮೊದಲನೆಯದು ನಾರ್ಟನ್ ಎಂಬ ದ್ರಾಕ್ಷಿಯದು. ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಬೇಕು, ಮೆಲ್ಲಗೆ ಸುತ್ತಿಸಬೇಕು, ಆಮೇಲೆ ಮೂಗು ಇಳಿಸಬೇಕು. ಬಣ್ಣ ಶಾಯಿಯ ಹಾಗಿತ್ತು. ಬಾಯಿಗೆ ಹಾಕಿಕೊಂಡರೆ ಹಲ್ಲೆಲ್ಲ ಜುಂ ಎಂದಿತು.

"ನೇರಳೆ ಹಣ್ಣು," ಎಂದೆ. "ಹಣ್ಣಾಗಿದೆ, ಆದರೂ ಒಗರು ಹೋಗಿಲ್ಲ. ಹಿಂದೆ ಕಬ್ಬಿಣದ ಬಾಣಲೆ ಕಾದ ವಾಸನೆ."

ನೇರಳೆ ಎಂದರೇನೆಂದು ಅವರಿಗೆ ಗೊತ್ತಿಲ್ಲ. ಉಪ್ಪು ಹಾಕಿ ಕುಲುಕಿ ತಿನ್ನುವುದು, ನಾಲಿಗೆ ನೇರಳೆಯಾಗಿ ಸಿಕ್ಕಿಬೀಳುವುದು, ಎಲ್ಲ ಹೇಳಬೇಕಾಯಿತು. ನಾನು ಒಂದೇ ದನಿಯಲ್ಲಿ, ಪಟ್ಟಿ ಓದುವವಳ ಹಾಗೆ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿಕೊಂಡು, "ಸರಿ, ಅದೇ. ಕೆಟ್ಟಿಲ್ಲ" ಎಂದರು.

ಮುಂದಿನ ವಾರ ಕಟಾಬಾ, ತಿಳಿ ಗುಲಾಬಿ ಬಣ್ಣದ್ದು. ಅವರಿಗೆ ಹಿಡಿಸಲಿ ಎಂದು ನಾನು ಸ್ಟ್ರಾಬೆರಿ, ರೋಜಾ ಹೂವು ಎಂದೆಲ್ಲ ಹೇಳಿದೆ. ಲೋಟ ಕೆಳಗಿಟ್ಟರು. "ಬಾಟಲಿಯ ಮೇಲೆ ಬರೆದದ್ದನ್ನು ನಾನೇ ಓದಬಲ್ಲೆ. ನಿನಗೆ ಏನು ಬರ್ತಿದೆ, ಅದು ಹೇಳು."

ಮತ್ತೆ ಮೂಸಿದೆ. "ಬಾಡಿದ ಸಂಪಿಗೆ," ಎಂದೆ. ಅದು ಎಂಥ ಹೂವೆಂದು ಕೇಳಿ ತಿಳಿದ ಮೇಲೆ ಅವರಿಗೆ ಸಮಾಧಾನವಾಯಿತು.

ಮೂರನೆಯದು ಕಾನ್ಕಾರ್ಡ್. ಮೂಗು ಹತ್ತಿರ ಒಯ್ದವಳು ಲೋಟ ಹಾಗೇ ಹಿಡಿದುಕೊಂಡೆ. ಇದು ನಮ್ಮ ಕಪ್ಪು ದ್ರಾಕ್ಷಿ. ತಳ್ಳುಗಾಡಿಯಲ್ಲಿ ಬರುವ ಬೆಂಗಳೂರು ಬ್ಲೂ. ಹಿಸುಕಿದರೆ ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುವ ತಿರುಳು, ಗಂಟಲು ಕಟ್ಟುತ್ತದೆಂದು ಅಮ್ಮ ಎಣಿಸಿ ಕೊಡುತ್ತಿದ್ದದ್ದು. ಅದನ್ನೇ ಹೇಳಿದೆ.

"ಇರಬಹುದು," ಎಂದು ಅಜ್ಜಿ ನಕ್ಕರು. "ನಮ್ಮ ಕಾಡು ದ್ರಾಕ್ಷಿಯ ಸಂತಾನ ಎಲ್ಲೆಲ್ಲಿಗೋ ಹೋಗಿದೆ. ವೈನು ಬಲ್ಲವರು ಇದಕ್ಕೆ ನರಿ ವಾಸನೆ ಅಂತ ಹೆಸರಿಟ್ಟು ಮೂಗು ಮುರೀತಾರೆ. ನನಗೆ ಇದೇ ಬೇಕಿತ್ತು."

ಆಮೇಲೆ, ಲೋಟ ನೋಡುತ್ತಲೇ ಕೇಳಿದರು: "ಚಳಿಗಾಲದಲ್ಲಿ ನಿನ್ನ ಹೊಟ್ಟೆ ಕಾಣ್ತಿತ್ತು. ಏನಾಯಿತು?"

ಯಾರೂ ಹೀಗೆ ಕೇಳಿರಲಿಲ್ಲ. "ಹೋಯಿತು," ಎಂದೆ. "ಹೆಣ್ಣು ಮಗು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ನೋಡ್ತೀರಾ ಅಂದಳು. ನಾನು ನೋಡಿದೆ. ನಮ್ಮವರು ಗೋಡೆ ಕಡೆ ತಿರುಗಿಕೊಂಡರು. ಮಗುವಿನ ಕಿವಿ ಎರಡೂ ಅವರದೇ."

ಅಜ್ಜಿ ನನ್ನ ಕೈ ಹಿಡಿಯಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. "ಅದನ್ನು ಅವನಿಗೆ ಹೇಳಿದ್ದೀಯಾ?" ಎಂದಷ್ಟೇ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

ಆ ಭಾನುವಾರ ಬೆಳಿಗ್ಗೆ ನಮ್ಮವರು ಶೂಗೆ ಪಾಲಿಶ್ ಹಾಕುತ್ತಿದ್ದಾಗ ಹೇಳಿದೆ. "ರೀ, ಅವಳ ಕಿವಿ ನಿಮ್ಮ ಥರಾನೇ ಇತ್ತು." ಬ್ರಷ್ಷು ಹಿಡಿದುಕೊಂಡೇ ಅವರು ಬಿಕ್ಕಿ ಬಿಕ್ಕಿ ಅತ್ತರು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನನ್ನ ಕೈಗೆ ಅವರ ಅಂಗಿಯ ಬಟ್ಟೆ ಗೊತ್ತಾಗುತ್ತಿತ್ತು. ಅಷ್ಟೇ ಗೊತ್ತಾಗುತ್ತಿದ್ದದ್ದು.

ಮುಂದಿನ ವರ್ಷ ನಮ್ಮವರ ಕಂಪನಿ ಮುಚ್ಚಿತು. ಅಜ್ಜಿ ಅಷ್ಟರೊಳಗೆ ತಂಗಿಯ ಊರಿಗೆ ಹೋಗಿಬಿಟ್ಟಿದ್ದರು. ನಾವು ಬೆಂಗಳೂರಿಗೆ ಮರಳಿ ಜಯನಗರದ ಹತ್ತಿರ ಮನೆ ಮಾಡಿದೆವು. ಅಲ್ಲಿ ಒಂದು ದಿನ ಬಸ್ಸಿನಲ್ಲಿ, ಕಂಡಕ್ಟರು "ಎಲ್ಲಿಗಮ್ಮಾ?" ಎಂದು ಕೇಳಿದಾಗ ಸ್ಟಾಪಿನ ಹೆಸರು ಹೇಳಲು ಬಾಯಿ ತೆರೆದವಳಿಗೆ ಅಷ್ಟು ದಿನ ಬಾರದಿದ್ದ ಅಳು ಬಂತು. ಕಾರಣ ಏನೂ ಇರಲಿಲ್ಲ. ಆತ ಸ್ವಲ್ಪ ನಿಂತು ನೋಡಿ, ಕೊನೇ ಸ್ಟಾಪಿನ ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋದ. ಕೊನೇ ಸ್ಟಾಪಿನವರೆಗೂ ಹೋದೆ.