ಅಕ್ಕ ಎಳೆದ ಸರ್ಕ್ಯೂಟು

ತಾಳ್ಮೆಯಿಂದ ಕಾದವನಿಗೆ ವಿಜ್ಞಾನ ತನ್ನ ಗುಟ್ಟುಗಳನ್ನೆಲ್ಲ ಬಿಟ್ಟುಕೊಡುತ್ತದೆ. ನಾನು ಕಾದವನಲ್ಲ. ತಾಮ್ರದ ಹಾಳೆ ಅಂಟಿಸಿದ ಬೋರ್ಡನ್ನು ಪ್ಲಾಸ್ಟಿಕ್ ಟಬ್ಬಿನ ಕಂದು ದ್ರಾವಣದಲ್ಲಿ ಮುಳುಗಿಸಿ, ಗಳಿಗೆಗೊಮ್ಮೆ ಎತ್ತಿ ನೋಡುತ್ತಿದ್ದೆ. ಪೇಂಟು ಬಳಿದ ಗೆರೆಗಳ ಅಡಿಯ ತಾಮ್ರ ಉಳಿದು, ಮಿಕ್ಕಿದ್ದು ಕರಗಬೇಕು. ಉಳಿದ ಗೆರೆಗಳೇ ವೈರು.

ಎಂಬತ್ತರ ದಶಕದ ಕೊನೆಯ ಮಾತು. ಗುಬ್ಬಿ ಹತ್ತಿರ ಅಕ್ಕನ ತೆಂಗಿನ ತೋಟ. ಭಾವ ಕಾಲು ಮುರಿದುಕೊಂಡು ಮಲಗಿದ್ದರಿಂದ, ತ್ರೀ ಫೇಸ್ ಕರೆಂಟು ಬಂದಾಗಲೆಲ್ಲ ಅಕ್ಕನೇ ರಾಗಿ ಹೊಲದ ಬದು ತುಳಿದು ಪಂಪ್‌ಮನೆಗೆ ಓಡಬೇಕಿತ್ತು. ಮೋಟರು ಹಾಕಲು ಒಮ್ಮೆ, ತೊಟ್ಟಿ ತುಂಬಿದಾಗ ಆರಿಸಲು ಇನ್ನೊಮ್ಮೆ. ಎರಡನ್ನೂ ಇನ್ನು ಮೈಕ್ರೋಕಂಟ್ರೋಲರೇ ನೋಡಿಕೊಳ್ಳುತ್ತದೆಂದು ಘೋಷಿಸಿ, ಚಿಪ್ಪಿನ ಸಮೇತ ನಾನು ತುಮಕೂರಿನಿಂದ ಬಂದಿಳಿದಿದ್ದೆ.

"ಈ ಹುಳ ಮೋಟ್ರು ಹಾಕ್ತದೇನ್ಲಾ?" ಭಾವ ಮಂಚದಿಂದಲೇ ಚಿಪ್ಪು ನೋಡಿ ಕೇಳಿದರು.

"ನಲವತ್ತು ಕಾಲಿದೆ ಭಾವ."

"ನಂಗೆ ಎರಡು ನೆಟ್ಟಗಿದ್ದಿದ್ರೆ ಸಾಕಾಗಿತ್ತು ಬುಡು."

ನನ್ನ ಕೈ ನಡುಗುತ್ತದೆ. ಅಕ್ಕನದು ದಿನಾ ಬಾಗಿಲಿಗೆ ಚುಕ್ಕಿ ರಂಗೋಲಿ ಇಡುವ ಕೈ. ಹಾಗಾಗಿ ನಾನು ಚೀಟಿಯಲ್ಲಿ ಬರೆದ ನಕ್ಷೆ ನೋಡಿಕೊಂಡು ಗೆರೆ ಎಳೆಯುವ ಕೆಲಸ ಅವಳದು. ಸಣ್ಣ ಬ್ರಷ್ಷು, ಕಪ್ಪು ಪೇಂಟು. ಅವಳು ಎಳೆಯುವಷ್ಟು ಹೊತ್ತೂ ನಾನು ಅಂಗಳ, ನಡುಮನೆ, ಮತ್ತೆ ಅಂಗಳ. "ಒಂದ್ ಕಡೆ ಕೂತ್ಕೊಳೋ, ತಲೆ ತಿರುಗ್ತದೆ!" ಎಂದು ಎರಡು ಸಲ ಬೈಸಿಕೊಂಡೆ.

ತಾಮ್ರ ಕರಗಿದ ಮೇಲೆ ಪೇಂಟು ಒರೆಸಿ, ಗೆರೆಗಳಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಸಂಬಂಧವೇ ಇರಬಾರದ ಕಡೆಗಳಲ್ಲೆಲ್ಲ ಮುಳ್ಳು ಓಡಿತು.

"ಅಕ್ಕ, ಇವನ್ನೆಲ್ಲ ಯಾಕೆ ಸೇರಿಸ್ದೆ?"

"ಅರ್ಧಕ್ಕೇ ನಿಲ್ಸಿದ್ಯಲ್ಲೋ ನೀನು. ರಂಗೋಲೀಲಿ ಎಳೆ ಹಂಗೆ ಬಾಯ್ಬಿಟ್ಕೊಂಡು ಇರಬಾರ್ದು ಕಣೋ, ಮನೇಗೆ ಒಳ್ಳೇದಲ್ಲ. ಮುಚ್ದೆ."

ಶಾಸ್ತ್ರದ ಪ್ರಕಾರ ಬೋರ್ಡಿನಲ್ಲಿ ದೋಷವೇ ಇರಲಿಲ್ಲ. ಆದರೆ ಕರೆಂಟು ಶಾಸ್ತ್ರ ಓದಿಲ್ಲ. ಬ್ಲೇಡು ತೆಗೆದುಕೊಂಡು ಅವಳು ಸೇರಿಸಿದ್ದನ್ನೆಲ್ಲ ಕೆರೆಯತೊಡಗಿದೆ.

"ಚೀಟಿ ನೋಡ್ಕೊಂಡು ಕೆರಿಯೋ."

"ಎಲ್ಲಾ ತಲೇಲಿದೆ ಬಿಡಕ್ಕ."

ತುಮಕೂರಿನ ಕಡೇ ಬಸ್ಸಿಗೆ ಹೊತ್ತಾಗಿತ್ತು. ಚಿಪ್ಪು ಬೆಸೆದು ಬೋರ್ಡನ್ನು ಪಂಪ್‌ಮನೆಯಲ್ಲಿ ಕೂರಿಸಿ, ಮೋಟರು ಹಾಕುವ ಗೆರೆಯನ್ನು ಮಾತ್ರ ಮೀಟರಿನಲ್ಲಿ ನೋಡಿ ಹೊರಟುಬಿಟ್ಟೆ.

ಮರುದಿನ ಕರೆಂಟು ಬಂದೊಡನೆ ಮೋಟರು ತಾನಾಗಿಯೇ ಓಡಿತು. ಆರಿಸುವ ಗೆರೆಯನ್ನೂ ನಾನು ಕೆರೆದುಹಾಕಿದ್ದೆ. ತೊಟ್ಟಿ ತುಂಬಿ ಹರಿದ ಮೇಲೆ ಅಕ್ಕ ಹೋಗಿ ಆರಿಸಿ ಬಂದಳು.