ಉಪವಾಸ ಬಿಟ್ಟ ಮಂಜಿರಿಬಾಯಿ

ಭಾಲ್ಕಿಯ ಕಡೆ ಹೆಂಗಸರ ಹೆಸರಿಗೆ ಗೌರವಕ್ಕೊಂದು ‘ಬಾಯಿ’ ಅಂಟಿಸುತ್ತಾರೆ. ಔರಾದಿನ ಶಾಲೆಯಲ್ಲಿ ಗಣಿತ ಕಲಿಸುವ ಮಂಜಿರಿಬಾಯಿ ಮಾತ್ರ, ತನ್ನ ತೊಂದರೆಯೆಲ್ಲ ಆ ಬಾಯಿಯದೇ ಎಂದು ಮೂವತ್ತೆಂಟನೇ ವಯಸ್ಸಿನವರೆಗೂ ನಂಬಿದ್ದಳು.

ಓಣಿಗೆ ಗೊತ್ತಿದ್ದ ಮಂಜಿರಿಯೇ ಬೇರೆ. ಸೋಮವಾರ, ಗುರುವಾರ, ಶನಿವಾರ, ಸಾಲದ್ದಕ್ಕೆ ಏಕಾದಶಿ. ಒಂದನ್ನೂ ಬಿಡದ ಪುಣ್ಯವಂತೆ. ಅತ್ತೆ ಅಲಕಾಬಾಯಿ ಬಂದವರೆದುರು ಸೊಸೆಯ ಖಾಲಿ ಹೊಟ್ಟೆಯನ್ನು ಹೊಟ್ಟೆ ತುಂಬ ಹೊಗಳುತ್ತಿದ್ದರು. ಉಪವಾಸದ ಮರುದಿನ ಸಂಜೆ ಅದೇ ಸೊಸೆ ಸಾಮಾನಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ನಿಂತೇ, ಶೇಂಗಾ ಉಂಡಿಯ ಡಬ್ಬಿ ಮುಗಿಸಿ ಅವಲಕ್ಕಿ ಚೂಡಾದ ಡಬ್ಬಿಗೆ ಕೈ ಹಾಕುವುದು ಯಾರಿಗೂ ತಿಳಿದಿರಲಿಲ್ಲ; ಇಲಿಯ ಕೆಲಸವೆಂದು ಅತ್ತೆ ಬೋನು ಇಟ್ಟಿದ್ದರು. ಸಾಕೆಂದರೂ ಕೈ ನಿಲ್ಲುತ್ತಿರಲಿಲ್ಲ. ಆಮೇಲೆ ನಾಚಿಕೆ, ನಾಚಿಕೆಗೆ ಪ್ರಾಯಶ್ಚಿತ್ತವಾಗಿ ಇನ್ನೊಂದು ಉಪವಾಸ. ದೇವರ ಹೆಸರಿದ್ದುದರಿಂದ ಯಾರೂ ಯಾಕೆಂದು ಕೇಳಲಿಲ್ಲ.

ಒಂದು ಶನಿವಾರ ತರಗತಿಯಲ್ಲೇ ಕಣ್ಣಿಗೆ ಕತ್ತಲೆ ಕವಿದು ಕುಸಿದಳು. ಡಾಕ್ಟರು ಬೀದರಿನ ಮನೋತಜ್ಞೆ ಅಕ್ಸಾ ಅವರ ಬಳಿ ಕಳಿಸಿದರು. ಮನೆಯಲ್ಲಿ ಟ್ರೇನಿಂಗ್ ಎಂದು ಹೇಳಿ ಹೋದಳು. ಅಕ್ಸಾ ಎಲ್ಲ ಕೇಳಿಸಿಕೊಂಡು, “ಉಪವಾಸ ಬಂದ್ ಮಾಡ್ರಿ. ಹಸಿವಿರ್ಲಿ ಬಿಡ್ಲಿ, ಮೂರು ತಾಸಿಗೊಮ್ಮಿ ಕೂತು ತಿನ್ರಿ. ಏನ್ ತಿಂದ್ರಿ, ಆಗ ಮನಸಿನ್ಯಾಗ ಏನಿತ್ತು, ಎರಡೂ ಬರೀರಿ” ಅಂದರು.

“ತಿನ್ನೂದು ಬಿಡಸ್ರಿ ಅಂತ ಬಂದ್ರ, ತಿನ್ನಂತೀರಲ್ರಿ ಮೇಡಂ.”

“ಹಸಿದ ಹೊಟ್ಟಿ ಸೇಡು ತೀರಿಸ್ಕೋತದರಿ. ನೀವು ಕಟ್ಟಬೇಕಾದ್ದು ಬಾಯಿ ಅಲ್ಲ, ಗಡಿಯಾರ.”

ಸೋಮವಾರ, ಶನಿವಾರಗಳು ಶಾಲೆಯ ಡಬ್ಬಿಯಲ್ಲಿ ಗುಟ್ಟಾಗಿ ಮುರಿದವು. ಆರು ವಾರದಲ್ಲಿ ಸಾಮಾನಿನ ಕೋಣೆಯ ಭೇಟಿ ಬಲು ಅಪರೂಪವಾಯಿತು. ಗುರುವಾರ ಮಾತ್ರ ಜಗ್ಗಲಿಲ್ಲ. ಅಂದು ಅತ್ತೆಯೂ ಉಪವಾಸ ಹಿಡಿಯುತ್ತಿದ್ದರು. ಅವರು ಹಸಿದಿರುವಾಗ ಶಾಲೆಯಲ್ಲಿ ಕದ್ದು ತಿನ್ನಲೂ ಮನಸ್ಸಾಗದು; ಇನ್ನು ಅವರ ಕಣ್ಣೆದುರು ತಟ್ಟೆ ಹಿಡಿಯುವುದು ಹೇಗೆ?

ಅಷ್ಟರಲ್ಲಿ ಒಂದು ಬುಧವಾರ ಸಂಜೆ ಕೈ ಮತ್ತೆ ಡಬ್ಬಿಗೆ ಹೋಯಿತು. ಜಾರುವುದು ತಪ್ಪಲ್ಲ, ಜಾರಿದ ಮರುದಿನ ಊಟ ತಪ್ಪಿಸಿದರೆ ಮತ್ತೆ ಹಳೆಯ ಸುತ್ತೇ ಶುರು ಎಂದು ಅಕ್ಸಾ ಹೇಳಿದ್ದರು. ಗುರುವಾರ ಬೆಳಿಗ್ಗೆ ಎಂಟಕ್ಕೆ ಮಂಜಿರಿ ಉಪ್ಪಿಟ್ಟಿನ ತಟ್ಟೆ ಹಿಡಿದು ಅತ್ತೆಯೆದುರೇ ಕೂತಳು.

“ಇವತ್ತು ಗುರುವಾರ,” ಅಂದರು ಅಲಕಾಬಾಯಿ.

“ಗೊತ್ತದರಿ, ಆಯಿ. ಉಪವಾಸ ಹಿಡದ್ರ ಮರುದಿನ ಕಳ್ಳಿಹಾಂಗ ತಿಂತೀನ್ರಿ. ಉಂಡಿ ಡಬ್ಬಿ ಖಾಲಿ ಮಾಡಾಕಿ ನಾನೇ. ಬೀದರಿಗೆ ಹೋಗೂದು ಟ್ರೇನಿಂಗಿಗಲ್ಲ, ದವಾಖಾನಿಗೆ. ಮೂರು ತಾಸಿಗೊಮ್ಮಿ ತಿನ್ನಂದಾರ್ರಿ.”

ಅಲಕಾಬಾಯಿ ಸಾಮಾನಿನ ಕೋಣೆಯ ಕಡೆ ನೋಡಿದರು. “ಅದಕ್ಕ ಬೋನಿಗೆ ಒಂದ್ ಇಲೀನೂ ಬಿದ್ದಿಲ್ಲ,” ಅಂದರು. ಆಮೇಲೆ ದನಿ ತಗ್ಗಿಸಿ, “ನಾ ಯಾಕ ಗುರುವಾರ ಹಿಡೀತೀನಿ ಗೊತ್ತದೇನು? ಶುಗರ್ ಅದ, ಡಾಕ್ಟರ್ ಬ್ಯಾಡಂದಾನ. ಸೊಸಿ ಉಪವಾಸ ಇದ್ದು ಅತ್ತಿ ಉಂಡ್ರ ಮಂದಿ ನಗೂದಿಲ್ಲೇನು?”

ಮಂಜಿರಿ ಇನ್ನೊಂದು ತಟ್ಟೆ ತಂದಳು. ಇಬ್ಬರೂ ಅವಸರವಿಲ್ಲದೆ ತಿಂದರು. ಏಳುವಾಗ ಅಲಕಾಬಾಯಿ, ಹನ್ನೊಂದಕ್ಕಿರಲಿ ಎಂದು ಎರಡು ಬಾಳೆಹಣ್ಣು ಸೊಸೆಯ ಚೀಲಕ್ಕೆ ಹಾಕಿದರು.

“ಓಣಿಯವ್ರಿಗೆ ಏನ್ ಹೇಳೂದ್ರಿ, ಆಯಿ?”

“ಓಣಿಯವ್ರನ್ನ ನಾ ನೋಡ್ಕೋತೀನಿ. ನೀ ಬಸ್ ನೋಡ್ಕೋ.”